ತೆಂಗಿನ ಬುಡದ ಲಾಳಿಕೆ

ನನ್ನ ಗಂಡ ತಿಪಟೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟುಹೋದ ಮೋಟರುಗಳು ಅವರ ಪಾಲಿಗೆ, ಇನ್ನೂ ಸುಡದವು ನನ್ನ ಪಾಲಿಗೆ. ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ನೀರು ಕಾಯಿಸುವ ಕಾಯಿಲ್ಲು, ಹೀಗೆ ಪ್ಲಗ್ಗು ಇರುವ, ಎತ್ತಿ ಇನ್ನೊಂದು ಕಡೆ ಇಡಬಹುದಾದ ಯಾವ ಸಾಮಾನಾದರೂ ಸರಿ, ಅದನ್ನು ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಹೇಳುವುದು ನನ್ನ ಕೆಲಸ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದವಳು. ಹೆಂಗಸು ಕಂಬ ಹತ್ತುತ್ತಾಳಾ ಎಂದು ಆಗ ನಕ್ಕವರ ಮನೆಯ ಮಿಕ್ಸಿಗಳನ್ನೂ ಈಗ ನಾನೇ ನೋಡುತ್ತೇನೆ.

ನಾರಿನ ಕಾರ್ಖಾನೆಗಳು, ಹಾಸ್ಟೆಲ್ಲಿನ ಅಡುಗೆಮನೆಗಳು, ಕಲ್ಯಾಣಮಂಟಪಗಳು, ತುರುವೇಕೆರೆಯ ಟೈಲರಿಂಗ್ ಅಂಗಡಿಗಳು, ಅಮ್ಮಸಂದ್ರದ ಕಡೆಯ ಕ್ಯಾಂಟೀನುಗಳು, ಎಲ್ಲ ಕಡೆಯೂ ಸ್ಕೂಟರಿನ ಮುಂದೆ ಕರೆಂಟಿನ ಸೋರಿಕೆ ಅಳೆಯುವ ಪೆಟ್ಟಿಗೆ ಇಟ್ಟುಕೊಂಡು ತಿರುಗುತ್ತೇನೆ. ಆ ಪೆಟ್ಟಿಗೆಯ ಕ್ಲಿಪ್ಪು, ವೈರು ನೋಡಿ ಜನ ನನಗೆ ‘ಮಿಕ್ಸಿಗೆ ಬಿ.ಪಿ. ನೋಡೋ ಅಮ್ಮ’ ಎಂದು ಹೆಸರಿಟ್ಟಿದ್ದಾರೆ. ಒಂದು ಊರಿನಲ್ಲಿ ವಯಸ್ಸಾದವರೊಬ್ಬರು ಪಂಚೆ ಸರಿಮಾಡಿಕೊಂಡು ಬಂದು, ಮಿಕ್ಸಿಯ ಪಕ್ಕದಲ್ಲಿ ತೋಳು ಚಾಚಿ ಕುಳಿತುಬಿಟ್ಟಿದ್ದರು. ಪಾಸಾದ ಸಾಮಾನಿಗೆ ನಾನು ಹಸಿರು ಚೀಟಿ ಅಂಟಿಸುತ್ತೇನೆ. ಆಯುಧಪೂಜೆಯ ದಿನ ಅದಕ್ಕೇ ಗುರಿಯಿಟ್ಟು ವಿಭೂತಿ, ಕುಂಕುಮ ಹಚ್ಚುವವರಿದ್ದಾರೆ. ಹಳೆ ಮಿಕ್ಸಿಯ ಚೀಟಿಯನ್ನು ಹುಷಾರಾಗಿ ಕಿತ್ತು ಹೊಸ ಮಿಕ್ಸಿಗೆ ಅಂಟಿಸಿಕೊಂಡಿದ್ದ ಗೃಹಿಣಿಗೆ ನಾನು ಬೈದದ್ದು ಬೀದಿಗೆಲ್ಲ ಕೇಳಿಸಿತ್ತಂತೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಪ್ಲಗ್ಗೇ ಇಲ್ಲದೆ ಎರಡು ಬರೀ ತಂತಿಗಳನ್ನು ಸಾಕೆಟ್ಟಿಗೆ ತುರುಕಿ, ಬೀಳದಿರಲಿ ಎಂದು ಬೆಂಕಿಕಡ್ಡಿ ಸಿಕ್ಕಿಸಿದ್ದು ಕಂಡರೆ ನನ್ನ ಮೈ ಉರಿಯುತ್ತದೆ. ಮೂರನೇ ಪಿನ್ನನ್ನು ಮುರಿದು ಎಸೆದವರನ್ನು ಕಂಡರೆ ಇನ್ನೂ ಹೆಚ್ಚು.

ಆ ಮೂರನೇ ಪಿನ್ನಿನ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಮೂರರಲ್ಲೂ ದಪ್ಪನೆಯದು, ಉದ್ದನೆಯದು. ಮೋಟರಿನೊಳಗೆ ಇರಬೇಕಾದ ಕರೆಂಟು ದಾರಿ ತಪ್ಪಿ ಸಾಮಾನಿನ ಕಬ್ಬಿಣದ ಮೈಗೆ ಬಂದರೆ, ಅದು ಈ ಪಿನ್ನಿನಿಂದ ಇಳಿದು, ಹಸಿರು ತಂತಿಯಲ್ಲಿ ಹರಿದು, ಮನೆಯ ಹೊರಗೆ ಹೂತಿಟ್ಟ ಕಬ್ಬಿಣದ ಪೈಪಿನ ಮೂಲಕ ನೆಲ ಸೇರಬೇಕು. ಅದಕ್ಕೇ ಅರ್ಥಿಂಗ್ ಎನ್ನುತ್ತೇವೆ. ಆ ದಾರಿ ಕಟ್ಟಿಹೋದರೆ ಕರೆಂಟು ಇನ್ನೊಂದು ದಾರಿ ಹುಡುಕುತ್ತದೆ. ಸಾಮಾನನ್ನು ಮುಟ್ಟಿಕೊಂಡು ನಿಂತ ಮನುಷ್ಯರಿಗಿಂತ ಹತ್ತಿರದ ದಾರಿ ಅದಕ್ಕೆ ಬೇರೆ ಇರುವುದಿಲ್ಲ.

ನಾನು ಹೇಳಹೊರಟಿರುವುದು ಕಂದಿಕೆರೆ ಕಡೆಯ ಒಂದು ತೋಟದ ಮನೆಯ ಸಂಗತಿ. ತಲೆಮಾರುಗಳಿಂದ ಕೊಬ್ಬರಿ ಮಾಡುವ ಮನೆ. ಆ ಮನೆಯ ಯಜಮಾನ, ನಲವತ್ತರ ಆಸುಪಾಸಿನ ಮೆತ್ತನೆ ಮಾತಿನ ಮನುಷ್ಯ, ಟೇಬಲ್ ಫ್ಯಾನು ರಿಪೇರಿಗೆ ಕೊಡಲು ನಮ್ಮ ಅಂಗಡಿಗೆ ಬಂದವರು ನನ್ನ ಪೆಟ್ಟಿಗೆ ನೋಡಿ, ನಮ್ಮ ಕೊಬ್ಬರಿ ಅಟ್ಟದ ಲೈಟು, ಮೇವು ಕತ್ತರಿಸುವ ಮಿಷನ್ನು ಎಲ್ಲ ಒಂದು ಸಲ ನೋಡಿಕೊಡಿ ಎಂದು ಕರೆದರು. ನಾನು ಹೋದೆ. ಅಟ್ಟ ಹತ್ತುವಾಗ ಕೈಯಲ್ಲಿ ಹಿಡಿದು ಹೋಗುತ್ತಿದ್ದ ಉದ್ದ ವೈರಿನ ಬಲ್ಬ್ ಹೋಲ್ಡರನ್ನು ಎತ್ತಿ ನೋಡಿದರೆ ಅಲ್ಲಲ್ಲಿ ತಾಮ್ರ ಹಲ್ಲು ಕಿಸಿಯುತ್ತಿತ್ತು. ಕೊಬ್ಬರಿ ಮುಟ್ಟಿದ ಜಿಡ್ಡುಗೈಯಲ್ಲೇ ಎಲ್ಲರೂ ಅದನ್ನು ಹಿಡಿದು ಹಿಡಿದು, ಅಟ್ಟದ ಇಲಿಗಳಿಗೆ ಆ ವೈರು ಕೊಬ್ಬರಿಯಷ್ಟೇ ರುಚಿಯಾಗಿತ್ತು. ಸುತ್ತ ಒಣಗಿದ ಸಿಪ್ಪೆ, ನಾರು ತುಂಬಿದ ಜಾಗದಲ್ಲಿ ಇದನ್ನು ಹಚ್ಚುತ್ತಿದ್ದಿರಲ್ಲ ಎಂದು ಯಜಮಾನರಿಗೆ ಸರಿಯಾಗಿ ಬಿಸಿ ಮುಟ್ಟಿಸಿ, ಅಲ್ಲೇ ವೈರು ಕತ್ತರಿಸಿ ಎಸೆದೆ. ಅವರು ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಹೊರಡುವ ಹೊತ್ತಿಗೆ ಮಾತ್ರ ಸ್ವಲ್ಪ ಮುಜುಗರದಿಂದ, ಒಳಗೆ ಒಂದು ಗ್ರೈಂಡರ್ ಇದೆ, ಅದನ್ನೂ ನೋಡಿಬಿಡಿ ಎಂದರು. ಹೆಂಡತಿಗೆ ಅದನ್ನು ಮುಟ್ಟಿದಾಗೆಲ್ಲ ಕೈ ಜುಮ್ಮೆನ್ನುತ್ತದಂತೆ. ಡಾಕ್ಟರು ನರದ ವೀಕ್ನೆಸ್ ಎಂದು ಮಾತ್ರೆ ಬರೆದುಕೊಟ್ಟಿದ್ದರಂತೆ.

ಅಡುಗೆಮನೆಯ ಮೂಲೆಯಲ್ಲಿ, ಹಿಂದೆ ಒರಳುಕಲ್ಲು ಇದ್ದ ಜಾಗದಲ್ಲೇ, ಆಳುಕಾಳುಗಳಿಗೆಲ್ಲ ಹಿಟ್ಟು ರುಬ್ಬಬಲ್ಲ ದೊಡ್ಡ ಗ್ರೈಂಡರು ನೆಲದ ಮೇಲೆ ಕೂತಿತ್ತು. ಪಕ್ಕದಲ್ಲೇ ಪಾತ್ರೆ ತೊಳೆಯುವ ಮೋರಿ. ಎದುರು ಗೋಡೆಯಲ್ಲಿ ದೇವರ ಗೂಡು, ಹಾಗಾಗಿ ಒಳಗೆ ಯಾರೂ ಚಪ್ಪಲಿ ಹಾಕುವಂತಿಲ್ಲ. ಯಜಮಾನರ ತಾಯಿ ಗ್ರೈಂಡರಿನ ಮುಂದೆ ಹಲಸಿನ ಮರದ ದಪ್ಪ ಮಣೆಯ ಮೇಲೆ ಕುಳಿತಿದ್ದರು. ಹಣೆಯ ತುಂಬ ವಿಭೂತಿ. ಸೊಸೆ ಬಾಗಿಲಿಗೆ ಒರಗಿ, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಸೆಕೆಗಾಲದಲ್ಲಿ ಯಾರೂ ಹಾಗೆ ಕೈ ಮುಚ್ಚಿಕೊಳ್ಳುವುದಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು.

ಪ್ಲಗ್ಗು ಕಿತ್ತು ಪೆಟ್ಟಿಗೆಗೆ ಜೋಡಿಸಿದೆ. ವೈರು ಚೆನ್ನಾಗಿತ್ತು. ಪಿನ್ನಿನಿಂದ ಮೈಗೆ ದಾರಿ ಸರಿಯಾಗಿತ್ತು. ಗುಂಡಿ ಒತ್ತಿದೆ. ಸೋರಿಕೆ ಇಲ್ಲ. ಇನ್ನೊಂದು ಸಲ ಒತ್ತಿದೆ. ಇಲ್ಲವೇ ಇಲ್ಲ. ನಾನು ತಲೆ ಅಲ್ಲಾಡಿಸಿದ್ದನ್ನು ನೋಡಿ ಅತ್ತೆಗೆ ಎಲ್ಲ ಅರ್ಥವಾಯಿತು. ತಾನೂ ಎಷ್ಟೋ ದಿನ ಇದೇ ಗ್ರೈಂಡರಿನಲ್ಲಿ ರುಬ್ಬುತ್ತೇನೆ, ತನಗೆ ಒಂದು ದಿನವೂ ಏನೂ ಆಗಿಲ್ಲ ಎಂದು ಹೇಳಿದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಮರುಕವೇ ಇತ್ತು.

“ಅದು ಕರೆಂಟಲ್ಲ ಕಣವ್ವ,” ಎಂದರು. “ಮರದ ಸಂಕಟ.”

ಹಿತ್ತಿಲಿನಲ್ಲಿ, ಅಡುಗೆಮನೆಯ ಗೋಡೆಗೆ ನಾಲ್ಕು ಮಾರು ದೂರದಲ್ಲಿ, ಒಂದು ತೆಂಗಿನಮರ ಇತ್ತಂತೆ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ಗಂಡಹೆಂಡಿರಿಬ್ಬರೂ ಸೇರಿ ನೆಟ್ಟದ್ದು. ಗಂಡ ತೀರಿಹೋದ ಮೇಲೆ ಆಕೆ ಬೆಳಿಗ್ಗೆ ಎದ್ದು ಮೊದಲು ಹೋಗುತ್ತಿದ್ದದ್ದು ಅದರ ಬುಡಕ್ಕೆ. ಹೋದ ವರ್ಷ ಅದಕ್ಕೆ ಕೆಂಪುಮೂತಿ ಹುಳ ಬಿದ್ದು ಸುಳಿ ಕೊಳೆಯಿತು. ಮಕ್ಕಳು ಆಡುವ ಜಾಗ, ತಲೆ ಮುರಿದು ಬಿದ್ದರೆ ಗತಿಯೇನು, ಉಳಿದ ಮರಗಳಿಗೂ ಹಬ್ಬುತ್ತದೆ, ಕಡಿಸಿಬಿಡೋಣ ಎಂದವಳು ಸೊಸೆ. ನ್ಯಾಯವಾದ ಮಾತೇ. ಮಗ ಕಡಿಸಿದರು. ಅಲ್ಲಿಂದ ಸ್ವಲ್ಪ ದಿನಕ್ಕೇ ಸೊಸೆಯ ಕೈ ಜುಮ್ಮೆನ್ನಲು ಶುರುವಾಯಿತು. ನಮ್ಮ ಸೀಮೆಯಲ್ಲಿ ತೆಂಗು ಕಡಿಯುವುದೆಂದರೆ ಹೆತ್ತ ಮಗುವಿಗೆ ಕತ್ತಿ ಇಟ್ಟಂತೆ. ಹಾಗಾಗಿ ಅತ್ತೆ ಲೆಕ್ಕ ಸೇರಿಸಿಬಿಟ್ಟಿದ್ದರು. ಹಾಗೆಂದು ಸೊಸೆಯ ಮೇಲೆ ಕೋಪ ಮಾಡಿಕೊಂಡವರಲ್ಲ. ತಾವೇ ಉಪವಾಸವಿದ್ದು ಹರಕೆ ಹೊತ್ತು, ಮಠದಿಂದ ವಿಭೂತಿ ತಂದು ಅವಳ ಅಂಗೈಗೆ ದಿನವೂ ಹಚ್ಚುತ್ತಿದ್ದರಂತೆ.

ಹೋದಲ್ಲೆಲ್ಲ ಇಂಥ ಕಥೆ ಕೇಳಿ ಕೇಳಿ ನನಗೆ ಬೇಸರವಾಗಿತ್ತು. ಮರದ ಸಂಕಟ ಅಳೆಯುವ ಗುಂಡಿ ನನ್ನ ಪೆಟ್ಟಿಗೆಯಲ್ಲಿ ಇಲ್ಲ. ಅದರ ಪ್ರಕಾರ ಗ್ರೈಂಡರು ಪಾಸಾಗಿತ್ತು. ಹಸಿರು ಚೀಟಿಯ ಹಿಂದಿನ ಕಾಗದ ಸುಲಿದೆ.

ಆಗ ಸೊಸೆ ಮೊದಲ ಸಲ ಬಾಯಿ ಬಿಟ್ಟಳು.

“ಅಕ್ಕ, ಅದು ಒಣಗಿದ್ದಾಗ ನಂಗೂ ಏನೂ ಆಗಲ್ಲ,” ಎಂದಳು. ನನ್ನ ಕಡೆ ನೋಡದೆ, ಬಾಗಿಲಿನ ಚೌಕಟ್ಟಿಗೆ ಹೇಳಿದಂತೆ ಹೇಳಿದಳು.

ಚೀಟಿ ಬೆರಳಿಗೆ ಅಂಟಿಕೊಂಡೇ ಉಳಿಯಿತು. ಯಾವಾಗ ಆಗುತ್ತದೆ ಎಂದು ಕೇಳಿದೆ. ಅಕ್ಕಿ ರುಬ್ಬಿ ತೆಗೆದು, ಕಲ್ಲು ತೊಳೆದು, ಮತ್ತೆ ಉದ್ದಿಗೆ ಹಾಕಿ ಸ್ವಿಚ್ ಒತ್ತಿ ಹಿಟ್ಟು ಒಳಕ್ಕೆ ತಳ್ಳುವಾಗ ಎಂದಳು. ಸರಿ, ಪ್ಲಗ್ಗು ಹಾಕದೆ, ದಿನವೂ ಹೇಗೆ ತೊಳೆಯುತ್ತೀಯೋ ಹಾಗೇ ತೊಳೆದು ತೋರಿಸು ಎಂದೆ. ಅವಳು ಬರಿಗಾಲಲ್ಲಿ ಮೋರಿಯ ಅಂಚಿನ ಒದ್ದೆ ಕಲ್ಲಿನ ಮೇಲೆ ಕುಕ್ಕುರುಗಾಲಲ್ಲಿ ಕುಳಿತಳು. ಚೊಂಬಿನಿಂದ ನೀರು ಹೊಯ್ದು ಕಲ್ಲು ತಿಕ್ಕಿದಳು. ನೀರು ಪಾತ್ರೆಯ ಕಂಠದಿಂದ ಉಕ್ಕಿ ಕೆಳಗಿಳಿದು, ಮೋಟರು ಇರುವ ಡಬ್ಬಿಯ ಸಂದಿಯಲ್ಲಿ ಕಾಣೆಯಾಯಿತು. ಅಲ್ಲಿ ಇರಬೇಕಾದ ರಬ್ಬರು ಸವೆದು ಹೋಗಿತ್ತು.

ಮತ್ತೆ ಕ್ಲಿಪ್ಪು ಹಾಕಿ ಗುಂಡಿ ಒತ್ತಿದೆ. ಈ ಸಲ ನನ್ನ ಪೆಟ್ಟಿಗೆ ಕೂಗಿಕೊಂಡಿತು. ನೀರು ಹೋದ ದಾರಿಯಲ್ಲೇ ಕರೆಂಟು ಹೊರಗೆ ಬರುತ್ತಿತ್ತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಸೋರಿದರೂ ಆ ದಪ್ಪ ಪಿನ್ನು ಅದನ್ನು ನೆಲಕ್ಕೆ ಒಯ್ಯಬೇಕಿತ್ತಲ್ಲ, ಅವಳ ಕೈಗೆ ಯಾಕೆ ಬಂತು? ಸಾಕೆಟ್ಟಿನಲ್ಲಿ ಟೆಸ್ಟ್ ಲ್ಯಾಂಪು ಇಟ್ಟು ನೋಡಿದೆ. ಮಾಮೂಲಿ ಎರಡು ತೂತಿಗೆ ಇಟ್ಟಾಗ ಜಗ್ಗನೆ ಹತ್ತಿತು. ಒಂದು ವೈರು ತೆಗೆದು ಅರ್ಥಿಂಗ್ ತೂತಿಗೆ ಇಟ್ಟರೆ ಮಿಣುಕು ಕೂಡ ಇಲ್ಲ. ಅಂದರೆ ಮನೆಗೆ ಅರ್ಥಿಂಗೇ ಇಲ್ಲ. ಎಲ್ಲಿ ಹೂತಿದ್ದೀರಿ ಎಂದು ಯಜಮಾನರನ್ನು ಕೇಳಿದರೆ, ಅದೆಲ್ಲ ನಮ್ಮಪ್ಪನ ಕಾಲದಲ್ಲೇ ಆಗಿದೆ, ಎಲ್ಲೋ ಇರಬೇಕು ಎಂದರು. ಹಿತ್ತಿಲಿಗೆ ಹೋಗಿ ಗೋಡೆ ನೋಡಿದೆ. ಮೀಟರ್ ಬೋರ್ಡಿನ ಕಡೆಯಿಂದ ಬಂದ ಹಸಿರು ತಂತಿಯನ್ನು, ಯಾರೂ ಎಡವದಿರಲಿ ಎಂದು ಚೊಕ್ಕಟವಾಗಿ ಸುರುಳಿ ಸುತ್ತಿ, ಮೊಳೆಗೆ ನೇತುಹಾಕಿದ್ದರು.

ಇದರ ತುದಿಯಲ್ಲಿ ಒಂದು ಪೈಪು ಇರಬೇಕಿತ್ತಲ್ಲ ಎಂದೆ.

ಯಜಮಾನರು ಸ್ವಲ್ಪ ಯೋಚಿಸಿ, “ಲಾಳಿಕೆ ಪೈಪಾ? ಅದು ಮರಕ್ಕೆ ನೀರು ಉಣ್ಸೋಕೆ ಅಪ್ಪ ಹೂತಿದ್ದು ಕಣ್ರೀ. ಮರಾನೇ ಹೋಯ್ತು, ಇನ್ನು ಪೈಪ್ಯಾಕೆ ಅಂತ ಜೆಸಿಬಿಯವನ ಕೈಲಿ ಬುಡದ ಜೊತೆಗೇ ಕೀಳಿಸ್ದೆ,” ಎಂದರು.

ಪೈಪು ಕೊಟ್ಟಿಗೆಯ ಮುಂದೆ ಇತ್ತು. ಗೂಟವಾಗಿತ್ತು. ಅದಕ್ಕೊಂದು ಕರು ಕಟ್ಟಿತ್ತು.

ಬೇರೆ ಯಾರಾದರೂ ಆಗಿದ್ದರೆ ನಾನು ಆಕಾಶ ಭೂಮಿ ಒಂದು ಮಾಡುತ್ತಿದ್ದೆ. ಆದರೆ ಆ ಮನುಷ್ಯನ ಮುಖ ನೋಡಿದರೆ ಬೈಯಲು ಬಾಯಿ ಬರಲಿಲ್ಲ. ಯೋಚಿಸಿದರೆ ಅವರದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ಅರ್ಥಿಂಗ್ ಗುಂಡಿಗೆ ಉಪ್ಪು ಬೇಕು, ಇದ್ದಿಲು ಬೇಕು, ಸದಾ ತೇವ ಬೇಕು. ತೇವ ಆರದಿರಲಿ ಎಂದೇ ಪೈಪಿನ ತಲೆಗೆ ಲಾಳಿಕೆ ಇಟ್ಟಿರುತ್ತಾರೆ. ಆ ಹಿರಿಯರು ಅದಕ್ಕೆ ತೆಂಗಿನ ಬುಡವನ್ನೇ ಆರಿಸಿದ್ದು ಬುದ್ಧಿವಂತಿಕೆಯೇ. ಮರಕ್ಕೆ ಹೇಗೂ ಉಪ್ಪು ಹಾಕುತ್ತಾರೆ, ಬಚ್ಚಲ ನೀರು ಅಲ್ಲಿಗೇ ಹರಿಯುತ್ತದೆ, ಚಿಪ್ಪಿನ ಇದ್ದಿಲಿಗೆ ಬರವಿಲ್ಲ. ಆದರೆ ನಮ್ಮ ಸೀಮೆಯಲ್ಲಿ ತೆಂಗಿನ ಬುಡದಲ್ಲಿ ಏನೇ ಇದ್ದರೂ ಅದು ತೆಂಗಿಗಾಗಿಯೇ ಇರುವುದೆಂದು ಎಲ್ಲರೂ ತಿಳಿಯುತ್ತಾರೆ. ಲಾಳಿಕೆ ಇಟ್ಟ ಪೈಪು ಕಂಡರೆ ಮರ ನೀರು ಕುಡಿಯುವ ಬಾಯಿ ಎನ್ನದೆ ಇನ್ನೇನೆಂದಾರು?

ಒಳಗೆ ಬಂದು ಎಲ್ಲರಿಗೂ ಬಿಡಿಸಿ ಹೇಳಿದೆ. ಮಾತು ಮುಗಿಯುವ ಮೊದಲೇ ಅತ್ತೆ ನಡುವೆ ಬಾಯಿ ಹಾಕಿದರು. ಸಾಯುವ ಮೊದಲು ಅವರ ಗಂಡ ಹೇಳಿದ್ದರಂತೆ, ದಿನಾ ಆ ಲಾಳಿಕೆಗೆ ಒಂದು ಚೊಂಬು ನೀರು ಹುಯ್ಯಿ, ತಪ್ಪಿಸಬೇಡ ಎಂದು. ಯಾಕೆಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಮರದ ಬಾಯಾರಿಕೆಗೆ ಎಂದುಕೊಂಡು ಒಂದು ದಿನವೂ ತಪ್ಪಿಸದೆ ಹೊಯ್ದಿದ್ದರು, ಮರ ಹೋಗುವವರೆಗೆ. ಗ್ರೈಂಡರಿನ ರಬ್ಬರು ಎಂದು ಸವೆದಿತ್ತೋ ಯಾರಿಗೆ ಗೊತ್ತು. ಅಷ್ಟು ದಿನವೂ ಸೋರಿದ ಕರೆಂಟು ಸದ್ದಿಲ್ಲದೆ ಆ ತೇವದ ಬುಡಕ್ಕೆ ಇಳಿದುಹೋಗುತ್ತಿತ್ತು.

“ಹಂಗಾದ್ರೆ ನಂಗ್ಯಾಕೆ ಹಿಡೀಲಿಲ್ಲ?” ಎಂದು ಅತ್ತೆ ಕೇಳಿದರು. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ನಾನು ಅವರು ಕುಳಿತಿದ್ದ ಮಣೆಯ ಕಡೆ ಕೈ ತೋರಿಸಿದೆ. ಮಂಡಿನೋವಿನಿಂದ ಅವರು ಎಂದೂ ಬರೀ ನೆಲದಲ್ಲಿ ಕೂರುವುದಿಲ್ಲ. ಕಾಲನ್ನೂ ಮಣೆಯ ಮೇಲೇ ಇಟ್ಟುಕೊಂಡಿರುತ್ತಾರೆ. ಒಣಗಿದ ಹಲಸಿನ ಹಲಗೆ ಕರೆಂಟಿಗೆ ದಾರಿ ಬಿಡುವುದಿಲ್ಲ. ಮನೆಯಲ್ಲಿ ಇರುವುದು ಅದೊಂದೇ ಮಣೆ, ಅದರ ಮೇಲೆ ಬೇರೆ ಯಾರೂ ಕೂರುವ ರೂಢಿ ಇಲ್ಲ. ಸೊಸೆ ಕೂರುತ್ತಿದ್ದದ್ದು ಒದ್ದೆ ಕಲ್ಲಿನ ಮೇಲೆ. ಇಬ್ಬರೂ ಇಷ್ಟು ದಿನ ನಿಜವನ್ನೇ ಹೇಳಿದ್ದರು.

ಅತ್ತೆ ಗೋಡೆ ಹಿಡಿದು ನಿಧಾನವಾಗಿ ಮೇಲೆದ್ದರು. ಮಣೆಯನ್ನು ಕಾಲಿನಿಂದ ಅತ್ತ ಸರಿಸಿದರು. ಯಾವುದನ್ನೂ ಹಾಗೆ ಕಾಲಿನಿಂದ ತಳ್ಳುವವರಲ್ಲ ಅವರು.

“ಮರ ಇರೋಗಂಟ ಮರ ತಡ್ಕೊಂತು,” ಎಂದರು. “ಮರ ಹೋದ್ಮ್ಯಾಲೆ ಇವಳು ತಡ್ಕೊಂಡ್ಲು. ನಾನು ಮಣೆ ಮ್ಯಾಲೆ ಕುಂತ್ಕಂಡು ಇವಳಿಗೆ ವಿಭೂತಿ ಹಚ್ದೆ.”

ಸೊಸೆ ಸೆರಗಿನಿಂದ ಕೈ ಹೊರಗೆ ತೆಗೆದಳು. ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಹಾಗಾದರೆ ನನ್ನ ಕೈ ಸರಿ ಇದೆಯಾ ಅಕ್ಕ ಎಂದು ಕೇಳಿದಳು. ಅವಳ ತಾಯಿಗೆ ಇದೇ ವಯಸ್ಸಿನಲ್ಲಿ ಕೈ ನಡುಕ ಶುರುವಾಗಿ, ಕೊನೆಗೆ ತುತ್ತು ಎತ್ತಲೂ ಆಗದೆ ಹೋಗಿತ್ತಂತೆ. ತನಗೂ ಅದೇ ಬಂತೆಂದು ಇವಳು ತವರಿಗೂ ಹೇಳದೆ, ಗಂಡನಿಗೂ ಪೂರ್ತಿ ಹೇಳದೆ, ಒಳಗೊಳಗೇ ಬೇಯುತ್ತಿದ್ದಳು. ನಿನ್ನ ಕೈಗೆ ಏನೂ ಆಗಿಲ್ಲ ತಾಯಿ, ನಿನ್ನ ಕೈಯೊಂದೇ ಈ ಮನೆಯಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಎಂದೆ. ಅವಳು ಅತ್ತಳು. ನನಗೂ ಕಣ್ಣು ತುಂಬಿತು. ಸುಮ್ಮನೆ ಕ್ಲಿಪ್ಪುಗಳನ್ನು ಒರೆಸುತ್ತ ಕುಳಿತೆ. ಇನ್ನೊಂದಿಷ್ಟು ನೀರು ಒಳಗೆ ಹೋಗಿದ್ದರೆ, ಯಾವುದೋ ಒಂದು ಬೆಳಿಗ್ಗೆ ಆ ಜುಮ್ಮು ಜುಮ್ಮಾಗಿ ಉಳಿಯುತ್ತಿರಲಿಲ್ಲ ಎನ್ನುವುದನ್ನು ಅವಳೆದುರು ಹೇಳಲಿಲ್ಲ. ಯಜಮಾನರನ್ನು ಹೊರಗೆ ಕರೆದು ಹೇಳಿದೆ. ಅವರು ಜಗಲಿಯ ಮೇಲೆ ಕುಳಿತುಬಿಟ್ಟರು.

ಗ್ರೈಂಡರನ್ನು ನನ್ನ ಗಂಡ ತಂದು, ರಬ್ಬರು ಬದಲಾಯಿಸಿ, ವೈಂಡಿಂಗು ಸರಿಮಾಡಿ ಕಳಿಸಿದರು. ಮೇನ್ ಬೋರ್ಡಿಗೆ, ಎಲ್ಲಾದರೂ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬೀಳುವ ಟ್ರಿಪ್ ಸ್ವಿಚ್ಚು ಹಾಕಿಸಿದೆ. ಕರುವಿಗೆ ಬೇರೆ ಗೂಟ ಬಂತು. ಹಿತ್ತಿಲಲ್ಲಿ ಹೊಸ ಗುಂಡಿ ತೋಡಿ ಉಪ್ಪು, ಇದ್ದಿಲು ತುಂಬಿ ಪೈಪು ಹೂತೆವು.

ವರ್ಷ ಕಳೆದು ಮತ್ತೆ ಪರೀಕ್ಷೆಗೆ ಹೋದಾಗ ಆ ಪೈಪಿನ ಪಕ್ಕದಲ್ಲೊಂದು ತೆಂಗಿನ ಸಸಿ ನಿಂತಿತ್ತು. ಲಾಳಿಕೆಯಲ್ಲಿ ಆಗತಾನೇ ಹೊಯ್ದ ನೀರು. ನನಗೆ ಹಿಗ್ಗಾಯಿತು. ಒಳಗೆ ಹೋದರೆ ಮಣೆ ಮೋರಿಯ ಪಕ್ಕದಲ್ಲಿತ್ತು. ಈಗ ರುಬ್ಬುವಾಗ ಅದರ ಮೇಲೆ ಕೂರುವವಳು ಸೊಸೆ, ಅತ್ತೆಗೆ ಪ್ಲಾಸ್ಟಿಕ್ ಸ್ಟೂಲು ಬಂದಿತ್ತು. ಕಾಫಿ ಕೊಡುತ್ತ ಸೊಸೆ ಇನ್ನೊಂದು ವಿಷಯವನ್ನು ಮೆಲ್ಲಗೆ ಹೇಳಿದಳು. ದಿನಾ ಬೆಳಿಗ್ಗೆ ಗ್ರೈಂಡರ್ ಹಾಕಿದ ಕೂಡಲೇ ಅತ್ತೆ ಸ್ಟೂಲು ಬಿಟ್ಟು ಎದ್ದು, ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ನಿಂತು, ಅಂಗೈಯನ್ನು ಪೂರ್ತಿ ಗ್ರೈಂಡರಿನ ಮೈಗೆ ಇಡುತ್ತಾರಂತೆ. ಸ್ವಲ್ಪ ಹೊತ್ತು ಕಾದು, ಏನೂ ಇಲ್ಲ ಎನ್ನಿಸಿದ ಮೇಲೆ, ಈಗ ನೀನು ಮುಟ್ಟು ಎನ್ನುತ್ತಾರಂತೆ. ಬೇಡ ಎಂದರೆ ಕೇಳುವುದಿಲ್ಲವಂತೆ.

ನನಗೆ ಎಲ್ಲಿತ್ತೋ ಸಿಟ್ಟು. ಅತ್ತೆಯನ್ನು ಹುಡುಕಿಕೊಂಡು ಹಿತ್ತಿಲಿಗೇ ಹೋಗಿ, ಸಾಯಬೇಕು ಅಂತ ಇದೀರಾ, ಕರೆಂಟನ್ನು ಕೈಯಲ್ಲಿ ಮುಟ್ಟಿ ನೋಡುವವರುಂಟೇ, ಅದಕ್ಕೆ ತಾನೇ ನಾನು ಪೆಟ್ಟಿಗೆ ಹೊತ್ತುಕೊಂಡು ಬರುವುದು ಎಂದು ಕೂಗಾಡಿದೆ. ಅವರು ಸಸಿಯ ಬುಡದ ಕಳೆ ಕೀಳುತ್ತಿದ್ದರು. ನಾನು ಸುಸ್ತಾಗುವವರೆಗೆ ಕಾದರು.

“ನಿನ್ನ ಪೆಟ್ಗೆ ವರ್ಷಕ್ಕೊಂದ್ಸಲ ಬತ್ತದೆ ಕಣವ್ವ,” ಎಂದರು. “ಇವಳು ದಿನಾ ರುಬ್ತಾಳೆ.”

ಅವರ ಕೈ ಹಿಡಿದು ಒಳಗೆ ಮೇನ್ ಬೋರ್ಡಿನ ಹತ್ತಿರ ಕರೆದುಕೊಂಡು ಹೋದೆ. ಟ್ರಿಪ್ ಸ್ವಿಚ್ಚಿನ ಮೇಲೆ ಒಂದು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸ್ವಿಚ್ಚು ಬೀಳಬೇಕು. ಬಿದ್ದರೆ ಅದು ಎಚ್ಚರವಾಗಿದೆ ಎಂದು ಅರ್ಥ. ಬೀಳದಿದ್ದರೆ ಯಾರೂ ಏನನ್ನೂ ಮುಟ್ಟದೆ ನನಗೆ ಫೋನ್ ಮಾಡಬೇಕು. ಇನ್ನುಮೇಲೆ ನೀವು ಮುಟ್ಟಿ ನೋಡಬೇಕಾದದ್ದು ಇದನ್ನು, ಗ್ರೈಂಡರನ್ನಲ್ಲ ಎಂದೆ. ಗಿಡ್ಡ ಜೀವ, ಅಷ್ಟು ಎತ್ತರಕ್ಕೆ ಕೈ ಎಟುಕಲಿಲ್ಲ. ಸೊಸೆ ಗ್ರೈಂಡರ್ ಹಾಕಿ ಒಲೆಯ ಮುಂದೆ ನಿಂತಿದ್ದಳು, ನಾನೇ ಹೋಗಿ ಖಾಲಿ ಇದ್ದ ಹಲಸಿನ ಮಣೆ ತಂದು ಗೋಡೆಗೆ ಒತ್ತಿ ಹಾಕಿದೆ. ಅವರು ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ನನ್ನ ಭುಜ ಹಿಡಿದು ಹತ್ತಿ ನಿಂತು, ಕಣ್ಣು ಮುಚ್ಚಿ ಗುಂಡಿ ಒತ್ತಿದರು.

ಟಕ್ ಎಂದಿತು. ಫ್ಯಾನು ನಿಧಾನವಾಯಿತು. ಅಡುಗೆಮನೆಯಲ್ಲಿ ಗ್ರೈಂಡರಿನ ಸದ್ದು ನಿಂತು, ಅತ್ತೆ, ಕರೆಂಟ್ ಹೋಯ್ತು ಎಂದು ಸೊಸೆ ಕೂಗಿದಳು.

“ಹೋಗ್ಲಿ ಬುಡು,” ಎಂದರು ಅತ್ತೆ, ಮಣೆಯ ಮೇಲೆ ನಿಂತುಕೊಂಡೇ. “ಇವತ್ತು ನಿನ್ ಹತ್ರ ಬರಾಕಿಲ್ಲ.”